ಜಿನೀವಾ ತಲುಪಿದ ಪಡ್ರೆಯ ದನಿ, ಊರಿಗೆ ಪೂರ್ತಿ ಮರಳದ ನ್ಯಾಯ

ವಿಶ್ವಪ್ರಜೆ ಎಂದೊಡನೆ ಕಣ್ಣೆದುರು ಬರುವ ಚಿತ್ರ ಒಂದೇ. ನಾಲ್ಕಾರು ದೇಶ ಸುತ್ತಿದವರು, ನಿರರ್ಗಳ ಇಂಗ್ಲಿಷ್ ಮಾತನಾಡುವವರು, ವಿಮಾನ ನಿಲ್ದಾಣದಲ್ಲೇ ಅರ್ಧ ಆಯುಷ್ಯ ಕಳೆಯುವವರು. ಎಣ್ಮಕಜೆಯ ಅಂಗಳದಲ್ಲಿ ಅಡಿಕೆ ಸುಲಿಯುವವರನ್ನಾಗಲಿ, ಅಕ್ಕಲಕೋಟೆಯ ಸಂತೆಯಲ್ಲಿ ಜೋಳ ಮಾರುವವರನ್ನಾಗಲಿ, ತಾಳವಾಡಿಯ ಬಸ್ಸಿಗೆ ಕಾಯುವವರನ್ನಾಗಲಿ ಯಾರೂ ಹಾಗೆ ಕರೆಯುವುದಿಲ್ಲ. ಮನೆಯಲ್ಲಿ ಒಂದು ಭಾಷೆ, ಅಂಗಡಿಯಲ್ಲಿ ಇನ್ನೊಂದು, ಸರಕಾರಿ ಕಚೇರಿಯಲ್ಲಿ ಮತ್ತೊಂದು ಎಂದು ದಿನಕ್ಕೆ ಮೂರು ಸಲ ಗಡಿ ದಾಟುವ ಈ ಜನರಿಗೆ ಸಿಕ್ಕಿರುವ ಹೆಸರು ‘ಗಡಿನಾಡಿನವರು’ ಎಂದಷ್ಟೆ.

ಆದರೆ ಸಮಾಜ ವಿಜ್ಞಾನದ ಸಂಶೋಧಕರು ಕಳೆದ ಮೂರು ನಾಲ್ಕು ದಶಕಗಳಿಂದ ‘ವಿಶ್ವನಾಗರಿಕತೆ’ ಮತ್ತು ‘ನಾಗರಿಕ ಸಮಾಜ’ ಎಂಬ ಎರಡು ಪದಗಳನ್ನು ಹಿಡಿದು ನಡೆಸುತ್ತಿರುವ ಚರ್ಚೆಯನ್ನು ಗಮನಿಸಿದರೆ, ಆ ಚರ್ಚೆಗೆ ತಕ್ಕ ಉದಾಹರಣೆ ಯುರೋಪಿನ ನಗರಗಳಲ್ಲಿ ಮಾತ್ರ ಇಲ್ಲ ಎಂಬುದು ತಿಳಿಯುತ್ತದೆ. ಕಾಸರಗೋಡಿನ ಗೇರು ಗುಡ್ಡಗಳಲ್ಲೂ ಅದು ಇದೆ. ಎಂಡೋಸಲ್ಫಾನ್ ವಿರುದ್ಧದ ಹೋರಾಟವೇ ಆ ಉದಾಹರಣೆ. ಆ ಚರ್ಚೆಯ ಬಲವನ್ನೂ ಅದರ ಕೊರತೆಯನ್ನೂ ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪ್ರಕರಣ ಈ ಭಾಗದಲ್ಲಿ ಸಿಗುವುದು ಕಷ್ಟ.

ಹಳೆಯ ಪದ, ಹೊಸ ಅರ್ಥ

‘ನೀನು ಯಾವ ಊರಿನವನು’ ಎಂದು ಕೇಳಿದವರಿಗೆ ‘ನಾನು ಜಗತ್ತಿನ ಪ್ರಜೆ’ ಎಂಬರ್ಥದ ಉತ್ತರ ಕೊಟ್ಟವನು ಪ್ರಾಚೀನ ಗ್ರೀಸಿನ ಡಯೋಜಿನಿಸ್ ಎಂದು ಪ್ರತೀತಿ. 1795ರಲ್ಲಿ ಜರ್ಮನಿಯ ತತ್ವಜ್ಞಾನಿ ಇಮ್ಮಾನುಯೆಲ್ ಕಾಂಟ್, ಶಾಶ್ವತ ಶಾಂತಿಯ ಕುರಿತ ತನ್ನ ಪ್ರಬಂಧದಲ್ಲಿ ಭೂಮಿಯ ಒಂದು ಕಡೆ ನಡೆದ ಹಕ್ಕಿನ ಉಲ್ಲಂಘನೆಯ ನೋವು ಎಲ್ಲ ಕಡೆ ತಟ್ಟುವ ಕಾಲ ಬಂದಿದೆ ಎಂದು ವಾದಿಸಿದ. ಕನ್ನಡಕ್ಕೆ ಈ ವಿಚಾರ ಹೊಸತಲ್ಲ. ಕುವೆಂಪು ಅವರ ವಿಶ್ವಮಾನವ ಸಂದೇಶವನ್ನು ಶಾಲಾ ಮಕ್ಕಳೂ ಬಲ್ಲರು.

ಇವೆಲ್ಲ ಮನುಷ್ಯ ಹೇಗಿರಬೇಕು ಎಂಬ ಆದರ್ಶದ ಮಾತುಗಳು. ಇತ್ತೀಚಿನ ಸಂಶೋಧನೆ ಕೇಳುವ ಪ್ರಶ್ನೆ ಬೇರೆ. ಜನ ಬಯಸಲಿ ಬಿಡಲಿ, ಅವರ ಬದುಕು ಈಗಾಗಲೇ ದೂರದವರ ಬದುಕಿನೊಂದಿಗೆ ಹೆಣೆದುಕೊಂಡಿದೆಯೇ? ಜರ್ಮನ್ ಸಮಾಜಶಾಸ್ತ್ರಜ್ಞ ಉಲ್ರಿಚ್ ಬೆಕ್ 1986ರಲ್ಲಿ ಪ್ರಕಟವಾದ ‘ಅಪಾಯದ ಸಮಾಜ’ ಕುರಿತ ಪುಸ್ತಕದಲ್ಲಿ ಈ ದಾರಿ ತೆರೆದರು. ಅಣು ವಿಕಿರಣ, ರಾಸಾಯನಿಕ ವಿಷ, ಹವಾಮಾನ ಬದಲಾವಣೆ ಇವು ಯಾವುವೂ ಚೆಕ್‌ಪೋಸ್ಟಿನಲ್ಲಿ ನಿಲ್ಲುವುದಿಲ್ಲ. ಹಾಗಿರುವಾಗ ಪ್ರತಿ ದೇಶವನ್ನೂ ಮುಚ್ಚಿದ ಪೆಟ್ಟಿಗೆಯೆಂದು ತಿಳಿದು ಸಮಾಜವನ್ನು ಅಧ್ಯಯನ ಮಾಡುವುದು ತಪ್ಪು ಎಂಬುದು ಅವರ ವಾದ. 2015ರಲ್ಲಿ ತೀರಿಕೊಳ್ಳುವವರೆಗೂ ಅವರು ಇದನ್ನೇ ಬೆಳೆಸುತ್ತ ಬಂದರು.

ಇದರ ಜತೆಗೇ ‘ನಾಗರಿಕ ಸಮಾಜ’ದ ಚರ್ಚೆಯೂ ಬೆಳೆಯಿತು. ಸರಕಾರವೂ ಅಲ್ಲದ, ವ್ಯಾಪಾರವೂ ಅಲ್ಲದ, ಜನ ತಾವಾಗಿ ಕಟ್ಟಿಕೊಳ್ಳುವ ಸಂಘ, ಸಮಿತಿ, ಚಳವಳಿಗಳ ಜಗತ್ತು ಇದು. ಮಾರ್ಗರೆಟ್ ಕೆಕ್ ಮತ್ತು ಕ್ಯಾಥರಿನ್ ಸಿಕ್ಕಿಂಕ್ ಎಂಬ ಅಮೆರಿಕದ ವಿದ್ವಾಂಸರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಮಾದರಿಯನ್ನು ವಿವರಿಸಿದರು. ತಮ್ಮದೇ ಸರಕಾರ ಬಾಗಿಲು ತೆರೆಯದಿದ್ದಾಗ ಜನ ಹೊರಗಿನ ಗೆಳೆಯರನ್ನು ಹುಡುಕುತ್ತಾರೆ. ಆ ಗೆಳೆಯರು ತಮ್ಮ ಸರಕಾರಗಳ ಮೂಲಕ, ಅಂತಾರಾಷ್ಟ್ರೀಯ ವೇದಿಕೆಗಳ ಮೂಲಕ ಮೊದಲ ಸರಕಾರದ ಮೇಲೆ ಒತ್ತಡ ತರುತ್ತಾರೆ. ಎಸೆದವನ ಕೈಗೇ ತಿರುಗಿ ಬರುವ ಬೂಮರಾಂಗ್ ಆಯುಧದ ಹೆಸರನ್ನೇ ಅವರು ಇದಕ್ಕೆ ಇಟ್ಟರು. ಕಾಸರಗೋಡಿನಲ್ಲಿ ನಡೆದದ್ದೂ ಹೆಚ್ಚುಕಡಿಮೆ ಇದೇ.

ಗೇರು ಗುಡ್ಡದ ಮೇಲೆ ಹೆಲಿಕಾಪ್ಟರ್

ಕೇರಳ ಸರಕಾರದ ಒಡೆತನದ ಪ್ಲಾಂಟೇಶನ್ ಕಾರ್ಪೊರೇಶನ್‌ಗೆ ಕಾಸರಗೋಡು ಜಿಲ್ಲೆಯಲ್ಲಿ ಸಾವಿರಾರು ಹೆಕ್ಟೇರ್ ಗೇರು ತೋಟಗಳಿವೆ. ಗೇರಿನ ಚಿಗುರಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಈ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗುಡ್ಡಗಾಡಿನ ಏರುತಗ್ಗಿನಲ್ಲಿ ವಿಷ ಗೇರು ಮರಗಳ ಮೇಲಷ್ಟೇ ಬೀಳಲಿಲ್ಲ. ಗಾಳಿ ಹೋದ ಕಡೆ ಹೋಯಿತು. ಗುಡ್ಡದ ಬುಡದಲ್ಲಿ ಮನೆಗಳಿದ್ದವು. ಆ ಮನೆಗಳು ಕುಡಿಯುವ ನೀರಿಗೆ ನಂಬಿದ್ದು ತೋಡು, ಕೆರೆ ಮತ್ತು ಗುಡ್ಡ ಕೊರೆದು ಮಾಡಿದ ಸುರಂಗಗಳನ್ನು.

ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮ ಕನ್ನಡ, ತುಳು ಮಾತನಾಡುವ ಊರು. ಆ ಊರಿನವರೇ ಆದ ಕೃಷಿ ಪತ್ರಕರ್ತ ಶ್ರೀಪಡ್ರೆ, ಸಿಂಪಡಣೆಯ ಅಪಾಯದ ಬಗ್ಗೆ 1980ರ ದಶಕದ ಆರಂಭದಲ್ಲೇ ಬರೆದಿದ್ದರು. ವಾಣೀನಗರದಲ್ಲಿ ಚಿಕಿತ್ಸಾಲಯ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್, ಚಿಕ್ಕ ಊರೊಂದರಲ್ಲಿ ಇಷ್ಟೊಂದು ಬುದ್ಧಿಮಾಂದ್ಯ ಮಕ್ಕಳು, ಇಷ್ಟೊಂದು ಅಪಸ್ಮಾರ, ಇಷ್ಟೊಂದು ಕ್ಯಾನ್ಸರ್ ಏಕೆ ಎಂದು ಕೇಳಿಕೊಂಡರು. 1990ರ ದಶಕದಲ್ಲಿ ವೈದ್ಯರ ಪತ್ರಿಕೆಗೆ ಬರೆದು ಸಹೋದ್ಯೋಗಿಗಳ ಗಮನ ಸೆಳೆಯಲು ಯತ್ನಿಸಿದರು. ಜಿಲ್ಲೆಯ ದಕ್ಷಿಣದ ಪೆರಿಯದಲ್ಲಿ ಮಲಯಾಳಂ ಮಾತನಾಡುವ ಕೃಷಿ ಇಲಾಖೆಯ ನೌಕರಳಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದ ಮೆಟ್ಟಿಲೇರಿ ವೈಮಾನಿಕ ಸಿಂಪಡಣೆಗೆ ತಡೆ ತಂದರು.

ಇವರಲ್ಲಿ ಯಾರೂ ದೊಡ್ಡ ಸಂಸ್ಥೆಯ ಪದಾಧಿಕಾರಿಗಳಲ್ಲ. ಒಬ್ಬ ಹಳ್ಳಿ ವೈದ್ಯ, ಒಬ್ಬ ಪತ್ರಕರ್ತ, ಒಬ್ಬ ಸರಕಾರಿ ನೌಕರಳು. ಪುಸ್ತಕಗಳಲ್ಲಿ ‘ನಾಗರಿಕ ಸಮಾಜ’ ಎಂದು ಬರೆಯುವುದರ ನಿಜ ರೂಪ ಇದು.

ಭಾಷೆ ದಾಟಿದ ಸುದ್ದಿ

ಹೋರಾಟದಲ್ಲಿ ಹೆಚ್ಚು ಗಮನಕ್ಕೆ ಬಾರದ ಒಂದು ಕೆಲಸವಿದೆ. ಅದು ಅನುವಾದದ ಕೆಲಸ. ಮಗುವಿನ ಸಂಕಟವನ್ನು ತಾಯಿ ಹೇಳಿದ್ದು ತುಳುವಿನಲ್ಲಿ ಅಥವಾ ಕನ್ನಡದಲ್ಲಿ. ಮಂತ್ರಿಗೆ ಕೊಡುವ ಮನವಿ ಇರಬೇಕಾದ್ದು ಮಲಯಾಳಂನಲ್ಲಿ. ವಿಜ್ಞಾನಿಗಳೂ ದೆಹಲಿಯವರೂ ಓದುವುದು ಇಂಗ್ಲಿಷ್. ಸಪ್ತಭಾಷಾ ಸಂಗಮ ಭೂಮಿ ಎಂದು ಭಾಷಣಗಳಲ್ಲಿ ಹೊಗಳಿಸಿಕೊಳ್ಳುವ ಕಾಸರಗೋಡಿಗೆ ಆ ಬಹುಭಾಷಿಕತೆ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಇಲ್ಲಿ.

2000ದ ನಂತರ ಇಮೇಲ್ ಮೂಲಕ ಸುದ್ದಿ ಹೊರಗೆ ಹೋಯಿತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ಆಹಾರ ಮತ್ತು ಜನರ ರಕ್ತದ ಮಾದರಿಗಳನ್ನು ಪರೀಕ್ಷಿಸಿ, ಎಂಡೋಸಲ್ಫಾನ್ ಅಂಶ ಬಹಳ ಹೆಚ್ಚಿದೆ ಎಂದು 2001ರಲ್ಲಿ ಪ್ರಕಟಿಸಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ ಪಡ್ರೆಯ ಮಕ್ಕಳನ್ನೂ ಸಿಂಪಡಣೆ ನಡೆಯದ ಇನ್ನೊಂದು ಊರಿನ ಮಕ್ಕಳನ್ನೂ ಹೋಲಿಸಿ ನೋಡಿತು. ಬಾಲಕರ ಬೆಳವಣಿಗೆಯಲ್ಲಿ ವಿಳಂಬ ಕಂಡುಬಂದಿದೆ ಎಂಬ ಆ ತಂಡದ ವೈಜ್ಞಾನಿಕ ಪ್ರಬಂಧ 2003ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಬೆಳಕು ಕಂಡಿತು.

ಎಲ್ಲರೂ ಒಪ್ಪಿದರು ಎಂದಲ್ಲ. ಕೇಂದ್ರ ನೇಮಿಸಿದ ದುಬೆ ಸಮಿತಿ, ರೋಗಗಳಿಗೂ ಎಂಡೋಸಲ್ಫಾನಿಗೂ ಸಂಬಂಧ ಸಾಬೀತಾಗಿಲ್ಲ ಎಂದಿತು. ಕೀಟನಾಶಕ ಉದ್ಯಮ ದೆಹಲಿಯ ಪರೀಕ್ಷಾ ವಿಧಾನವನ್ನೇ ಪ್ರಶ್ನಿಸಿತು. ಯಾವ ರೋಗಕ್ಕೆ ಎಷ್ಟರ ಮಟ್ಟಿಗೆ ಈ ವಿಷ ಕಾರಣ ಎಂಬ ವಾದ ವಿಜ್ಞಾನಿಗಳ ನಡುವೆ ಮುಂದೆಯೂ ನಡೆಯಿತು. ಆದರೆ ವಾದ ಮುಗಿಯುವವರೆಗೆ ಸಿಂಪಡಿಸುತ್ತಲೇ ಇರಬೇಕೇ ಎಂಬ ಪ್ರಶ್ನೆಗೆ ಊರಿನವರು ಆಗಲೇ ಉತ್ತರ ಕಂಡುಕೊಂಡಿದ್ದರು. ಕೇರಳದಲ್ಲಿ ಎಂಡೋಸಲ್ಫಾನ್ ಬಳಕೆ ಆ ದಶಕದಲ್ಲೇ ನಿಷೇಧಕ್ಕೊಳಗಾಯಿತು.

ಜಿನೀವಾ, ಏಪ್ರಿಲ್ 2011

ದೀರ್ಘಕಾಲ ಕರಗದೆ ಉಳಿದು ಜೀವಿಗಳ ಮೈ ಸೇರುವ ವಿಷ ರಾಸಾಯನಿಕಗಳನ್ನು ನಿಯಂತ್ರಿಸಲು 2001ರಲ್ಲಿ ರೂಪುಗೊಂಡದ್ದು ಸ್ಟಾಕ್‌ಹೋಮ್ ಒಪ್ಪಂದ. 2004ರಲ್ಲಿ ಅದು ಜಾರಿಗೆ ಬಂತು. ಭಾರತ 2006ರಲ್ಲಿ ಅದಕ್ಕೆ ಅನುಮೋದನೆ ನೀಡಿತು. ಎಂಡೋಸಲ್ಫಾನನ್ನು ಈ ಪಟ್ಟಿಗೆ ಸೇರಿಸಬೇಕೆಂದು ಯುರೋಪಿಯನ್ ಒಕ್ಕೂಟ 2007ರಲ್ಲಿ ಪ್ರಸ್ತಾಪ ಇಟ್ಟಾಗ ಬಲವಾಗಿ ವಿರೋಧಿಸಿದ ದೇಶ ಭಾರತವೇ. ಜಗತ್ತಿನಲ್ಲಿ ಅತಿ ಹೆಚ್ಚು ಎಂಡೋಸಲ್ಫಾನ್ ತಯಾರಿಸುವ ದೇಶಗಳಲ್ಲಿ ಆಗ ಭಾರತವೂ ಒಂದು. ತಯಾರಕರಲ್ಲಿ ಕೇಂದ್ರ ಸರಕಾರದ್ದೇ ಒಂದು ಕಂಪನಿಯೂ ಇತ್ತು.

2011ರ ಏಪ್ರಿಲ್ ಕೊನೆಯ ವಾರ ಜಿನೀವಾದಲ್ಲಿ ಒಪ್ಪಂದದ ಸದಸ್ಯ ದೇಶಗಳ ಸಭೆ ನಡೆಯಿತು. ಅದು ಆರಂಭವಾದ ದಿನ ಅಂದಿನ ಕೇರಳ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ತಿರುವನಂತಪುರದಲ್ಲಿ ಉಪವಾಸ ಕುಳಿತರು. ಕರ್ನಾಟಕ ಸರಕಾರ ಅದೇ ವರ್ಷದ ಫೆಬ್ರವರಿಯಲ್ಲಿ ತನ್ನ ರಾಜ್ಯದಲ್ಲಿ ನಿಷೇಧ ಹೇರಿತ್ತು. ಏಪ್ರಿಲ್ 29ರಂದು ಎಂಡೋಸಲ್ಫಾನನ್ನು ಹಂತಹಂತವಾಗಿ ಜಗತ್ತಿನಾದ್ಯಂತ ನಿಲ್ಲಿಸಲು ತೀರ್ಮಾನವಾಯಿತು. ಕೆಲವು ಬೆಳೆಗಳಿಗೆ ಕಾಲಮಿತಿಯ ವಿನಾಯಿತಿ ಪಡೆದು ಭಾರತವೂ ಒಪ್ಪಿತು. ಎರಡೇ ವಾರದಲ್ಲಿ, ಮೇ 13ರಂದು, ಡಿವೈಎಫ್‌ಐ ಸಲ್ಲಿಸಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ಉತ್ಪಾದನೆ, ಮಾರಾಟ, ಬಳಕೆಗಳಿಗೆ ಮಧ್ಯಂತರ ತಡೆ ನೀಡಿತು.

ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದಿಂದ ಜಿನೀವಾಕ್ಕೆ ಹದಿಮೂರು ವರ್ಷ. ಸಂಶೋಧಕರ ಪುಸ್ತಕದ ಮಾದರಿ ಇಲ್ಲಿ ಕಣ್ಣಾರೆ ಕಂಡಿತು. ಕಥೆ ಇಲ್ಲಿಗೇ ಮುಗಿದಿದ್ದರೆ ಅದೊಂದು ಗೆಲುವಿನ ಕಥೆ.

ಕೈಗೆ ಬಂದ ತುತ್ತು

ಮುಗಿಯಲಿಲ್ಲ. ಜಿನೀವಾದ ಪಟ್ಟಿಗೆ ಸೇರಿದ್ದು ರಾಸಾಯನಿಕದ ಹೆಸರು. ಕಾಯಿಲೆ ಬಿದ್ದವರ ಹೆಸರು ಸೇರಬೇಕಾದ್ದು ಇನ್ನೊಂದು ಪಟ್ಟಿಗೆ. ಆ ಪಟ್ಟಿ ತಯಾರಾಗುವುದು ಜಿಲ್ಲೆಯಲ್ಲಿ.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರ ಕೊನೆಯಲ್ಲೇ ಪರಿಹಾರಕ್ಕೆ ಶಿಫಾರಸು ಮಾಡಿತ್ತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರ ಜನವರಿ 10ರಂದು ಕೇರಳ ಸರಕಾರಕ್ಕೆ ಆದೇಶಿಸಿತು. ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯದ ಮುಂದೆ ಬಂದ ಲೆಕ್ಕ ಏನು? 3,704 ಮಂದಿಯ ಪೈಕಿ ಆ ಮೊತ್ತ ಸಿಕ್ಕಿದ್ದು ಎಂಟು ಮಂದಿಗೆ. ಅವರಾದರೂ ನ್ಯಾಯಾಲಯದ ಬಾಗಿಲು ತಟ್ಟಿದ ಎಂಟು ಮಂದಿ. ನ್ಯಾಯಾಲಯದ ಛೀಮಾರಿಯ ಬಳಿಕವಷ್ಟೇ ಹಣ ಉಳಿದವರಿಗೆ ತಲುಪತೊಡಗಿತು. ಕೈಗೆ ಬಂದ ತುತ್ತು ಬಾಯಿಗೆ ಬರಲು ಐದು ವರ್ಷ ಬೇಕಾಯಿತು. ಅಷ್ಟರಲ್ಲಿ ಕಾಯಲಾರದೆ ತೀರಿಹೋದವರೂ ಇದ್ದಾರೆ.

ಇದು ಪಟ್ಟಿಯಲ್ಲಿದ್ದವರ ಪಾಡು. ಪಟ್ಟಿಯಿಂದ ಹೊರಗುಳಿದವರದ್ದು ಇನ್ನೊಂದು. 2017ರ ವಿಶೇಷ ವೈದ್ಯಕೀಯ ಶಿಬಿರದಲ್ಲಿ 1,905 ಮಂದಿಯನ್ನು ಗುರುತಿಸಲಾಗಿತ್ತು. ಅಂತಿಮ ಪಟ್ಟಿ ಹೊರಬಿದ್ದಾಗ ಉಳಿದದ್ದು 287. ಪ್ರತಿಭಟನೆಯ ನಂತರ 76 ಮಂದಿ, 2019ರಲ್ಲಿ ತಾಯಂದಿರು ಸೆಕ್ರೆಟರಿಯೇಟ್ ಎದುರು ಧರಣಿ ನಡೆಸಿದ ಮೇಲೆ 511 ಮಕ್ಕಳು ಸೇರ್ಪಡೆಯಾದರು. ಲೆಕ್ಕ ಹಾಕಿದರೆ ಆಗಲೂ 1,031 ಮಂದಿ ಹೊರಗುಳಿದಿದ್ದರು. ಈ 1,031 ಎಂಬ ಸಂಖ್ಯೆಯೇ ಒಂದು ಘೋಷಣೆಯಾಗಿ 2024ರಲ್ಲಿ ಕಾಞಂಗಾಡಿನಲ್ಲಿ ಧರಣಿ ನಡೆಯಿತು. ಜಗತ್ತು ವಿಷವನ್ನು ಗುರುತಿಸಿದ ಹದಿಮೂರು ವರ್ಷಗಳ ಬಳಿಕವೂ ‘ನಮ್ಮ ಮಗುವನ್ನೂ ಎಣಿಸಿ’ ಎಂದು ಕೇಳಬೇಕಾದ ಸ್ಥಿತಿ.

ಕೋಲ್ಕತ್ತದ ವಿದ್ವಾಂಸ ಪಾರ್ಥ ಚಟರ್ಜಿ 2004ರ ತಮ್ಮ ಪುಸ್ತಕದಲ್ಲಿ ಎತ್ತಿದ ಮಾತು ಇಲ್ಲಿ ನೆನಪಾಗುತ್ತದೆ. ನಾಗರಿಕ ಸಮಾಜ ಎಂಬುದು ನಮ್ಮಂಥ ದೇಶಗಳಲ್ಲಿ ಓದಿದವರ, ಕಾನೂನು ಬಲ್ಲವರ ಚಿಕ್ಕ ವಲಯ. ಉಳಿದ ಬಹುಪಾಲು ಜನ ಸರಕಾರಕ್ಕೆ ಕಾಣಿಸುವುದು ಹಕ್ಕುಳ್ಳ ಪ್ರಜೆಗಳಾಗಿ ಅಲ್ಲ, ಯೋಜನೆಗಳ ಫಲಾನುಭವಿಗಳಾಗಿ, ಪಟ್ಟಿಯ ಸಾಲುಗಳಾಗಿ. ಅವರು ಧರಣಿ, ಶಿಫಾರಸು, ಚೌಕಾಸಿಗಳ ಮೂಲಕವೇ ತಮ್ಮ ಪಾಲು ಪಡೆಯಬೇಕಾಗುತ್ತದೆ ಎಂಬುದು ಅವರ ವಾದದ ಸಾರ. ಜಿನೀವಾದಲ್ಲಿ ದನಿ ಕೇಳಿಸಿದ್ದು ಮೊದಲ ವಲಯದ ಮೂಲಕ. ಕಾಞಂಗಾಡಿನ ಪೆಂಡಾಲಿನಲ್ಲಿ ಕುಳಿತ ತಾಯಂದಿರು ಎರಡನೆಯ ವಲಯದವರು.

ಬೆಕ್ ಅವರ ವಾದಕ್ಕೂ ಇಲ್ಲಿ ಒಂದು ತಿದ್ದುಪಡಿ ಬೇಕು. ವಿಷ ಗಡಿ ನೋಡುವುದಿಲ್ಲ ನಿಜ. ಆದರೆ ಅದು ಎಲ್ಲರ ಮೇಲೂ ಒಂದೇ ಸಮನೆ ಬೀಳಲಿಲ್ಲ. ಗುಡ್ಡದ ಬುಡದ ಮನೆಗಳ ಮೇಲೆ, ತೋಟದ ಕೂಲಿಯವರ ಮೇಲೆ, ತೋಡಿನ ನೀರು ಕುಡಿದವರ ಮೇಲೆ ಹೆಚ್ಚು ಬಿತ್ತು.

ಗೆರೆಯ ಈಚೆ, ಗೆರೆಯ ಆಚೆ

ಇನ್ನೂ ಒಂದು ವಿಚಾರ ಗಡಿನಾಡಿನವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಎಂಡೋಸಲ್ಫಾನ್ ಬಿದ್ದದ್ದು ಕೇರಳದಲ್ಲಿ ಮಾತ್ರವಲ್ಲ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆ ಸುತ್ತಮುತ್ತ ಕರ್ನಾಟಕದ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೂ ಅದೇ ವಿಷ ಬಿತ್ತು. ಅಲ್ಲಿನ ಮಕ್ಕಳದ್ದೂ ಅದೇ ಕಥೆ. ಆದರೆ 2017ರ 5 ಲಕ್ಷದ ಆದೇಶ ಕೇರಳ ಸರಕಾರಕ್ಕೆ ನೀಡಿದ್ದು. ಕರ್ನಾಟಕದಲ್ಲಿ ನಡೆದದ್ದು ಮಾಸಾಶನ ಮತ್ತು ಹಗಲು ಆರೈಕೆ ಕೇಂದ್ರಗಳ ಬೇರೆಯೇ ವ್ಯವಸ್ಥೆ. ಒಂದೇ ರಾಸಾಯನಿಕ, ಒಂದೇ ಬೆಳೆ, ಒಂದೇ ಬಗೆಯ ಗುಡ್ಡ, ಹಲವೆಡೆ ಒಂದೇ ಭಾಷೆ. ಆದರೂ ಹುಟ್ಟಿದ್ದು ಗೆರೆಯ ಯಾವ ಕಡೆ ಎಂಬುದರ ಮೇಲೆ ಪರಿಹಾರ ನಿಂತಿದೆ.

2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಈ ಗೆರೆ ಎಷ್ಟು ಗಟ್ಟಿ ಎಂಬುದನ್ನು ಕಾಸರಗೋಡು ಕಂಡಿತು. ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ರೋಗಿಗಳು ತಲಪಾಡಿಯಿಂದ ವಾಪಸಾಗಬೇಕಾಯಿತು. ಆಸ್ಪತ್ರೆ ತಲುಪಲಾಗದೆ ಸಾವು ಸಂಭವಿಸಿತು. ವಿವಾದ ಹೈಕೋರ್ಟ್, ಸುಪ್ರೀಂ ಕೋರ್ಟ್‌ಗಳವರೆಗೆ ಹೋಯಿತು.

ಇದಕ್ಕೆ ಎದುರಾದ ಉದಾಹರಣೆಯೂ ಇದೆ. ಕಾಸರಗೋಡಿನ ಮಿಂಚಿನಪದವಿನ ಗೇರು ತೋಟದ ಪಾಳು ಬಾವಿಯಲ್ಲಿ ಉಳಿಕೆ ಎಂಡೋಸಲ್ಫಾನ್ ಹೂಳಲಾಗಿದೆ ಎಂಬ ದೂರನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಒಯ್ದವರು ಕಾಸರಗೋಡಿನವರಲ್ಲ, ಉಡುಪಿಯ ಮಾನವ ಹಕ್ಕು ಕಾರ್ಯಕರ್ತ ಡಾ. ರವೀಂದ್ರನಾಥ ಶಾನುಭಾಗ್. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಂಡ ಸ್ಥಳ ಪರಿಶೀಲನೆಗೆ ಬರುವಂತಾಯಿತು. ಅಂತರ್ಜಲಕ್ಕೆ ರಾಜ್ಯದ ಗೆರೆ ಗೊತ್ತಿಲ್ಲ. ಅದರ ಪರ ನಿಲ್ಲುವವರಿಗೂ ಆ ಗೆರೆ ಅಡ್ಡಿಯಾಗಬೇಕಿಲ್ಲ ಎಂಬುದನ್ನು ಈ ದೂರು ತೋರಿಸಿತು.

ಊರಿನ ಕೈಯಲ್ಲಿರುವುದು

ಹಾಗಾದರೆ ವಿಶ್ವನಾಗರಿಕತೆಯ ಮಾತೆಲ್ಲ ಬರಿಯ ಮಾತೇ? ಹಾಗೆನ್ನುವುದು ತಪ್ಪು. ದೆಹಲಿಯ ಪ್ರಯೋಗಾಲಯ, ಜಿನೀವಾದ ಸಭೆ ಇಲ್ಲದಿದ್ದರೆ ಎಂಡೋಸಲ್ಫಾನ್ ಇನ್ನಷ್ಟು ಕಾಲ ಬೇರೆ ಬೇರೆ ಊರುಗಳ ಮೇಲೆ ಬೀಳುತ್ತಿತ್ತು. ಎಂದೂ ಪಡ್ರೆಯ ಹೆಸರು ಕೇಳದ ಆಫ್ರಿಕಾದ, ಲ್ಯಾಟಿನ್ ಅಮೆರಿಕದ ರೈತರಿಗೂ ಆ ನಿಷೇಧದ ಪ್ರಯೋಜನ ಸಿಕ್ಕಿದೆ. ಅದು ಸಣ್ಣ ಸಂಗತಿಯಲ್ಲ.

ಆದರೆ ನಾಗರಿಕ ಸಮಾಜದ ಯಶಸ್ಸನ್ನು ಅಳೆಯುವಾಗ ಸುದ್ದಿ ಎಷ್ಟು ದೂರ ಹೋಯಿತು ಎಂದಷ್ಟೇ ನೋಡಿದರೆ ಸಾಲದು. ನ್ಯಾಯ ಎಷ್ಟು ಹತ್ತಿರ ಮರಳಿತು ಎಂಬುದನ್ನೂ ನೋಡಬೇಕು. ಹೋಗುವ ದಾರಿಯಲ್ಲಿ ಪತ್ರಕರ್ತರು, ವಕೀಲರು, ವಿಜ್ಞಾನಿಗಳು ಜತೆಗಿದ್ದರು. ಮರಳುವ ದಾರಿಯಲ್ಲಿ ವೈದ್ಯಕೀಯ ಸರ್ಟಿಫಿಕೇಟ್, ವಿಲ್ಲೇಜ್ ಆಫೀಸಿನ ಕಾಗದ, ಶಿಬಿರದ ಟೋಕನ್ ಹಿಡಿದು ತಾಯಂದಿರೇ ಅಲೆಯಬೇಕಾಗುತ್ತದೆ. ಮಲಯಾಳಂನಲ್ಲಿ ಮಾತ್ರ ಬರುವ ಅರ್ಜಿ ನಮೂನೆಗಳ ಬಗ್ಗೆ ಕಾಸರಗೋಡಿನ ಕನ್ನಡಿಗರ ದೂರು ಹಳೆಯದು. ಓದಲು ಬಾರದ ನಮೂನೆಯೊಂದು ಹಕ್ಕನ್ನೇ ತಪ್ಪಿಸಬಲ್ಲದು.

ಇಲ್ಲಿಯೇ ಎರಡು ಭಾಷೆ ಬಲ್ಲ ಗಡಿ ಗ್ರಾಮಸ್ಥರ ಪಾತ್ರ ಬರುತ್ತದೆ. ನೆರೆಮನೆಯವರ ಅರ್ಜಿ ಓದಿ ಹೇಳುವುದು, ಗ್ರಾಮಸಭೆಯಲ್ಲಿ ಪಟ್ಟಿಯನ್ನು ಗಟ್ಟಿಯಾಗಿ ಓದಿಸುವುದು, ಬಿಟ್ಟುಹೋದ ಹೆಸರನ್ನು ಎರಡೂ ಭಾಷೆಗಳಲ್ಲಿ ಬರೆದು ಕೊಡುವುದು, ಎಣ್ಮಕಜೆಯ ಕಾಗದವನ್ನೂ ಕೊಕ್ಕಡದ ಕಾಗದವನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿ ನೋಡುವುದು. ಇವು ಯಾವುವೂ ದೊಡ್ಡ ಕೆಲಸಗಳಾಗಿ ಕಾಣುವುದಿಲ್ಲ. ಆದರೆ ವಾಣೀನಗರದ ಚಿಕಿತ್ಸಾಲಯದಲ್ಲಿ ಶುರುವಾದದ್ದೂ ಇಂಥದೇ ಕೆಲಸ. ಅಲ್ಲಿ ಒಬ್ಬ ವೈದ್ಯ ರೋಗಿಗಳ ಲೆಕ್ಕ ಇಟ್ಟದ್ದರಿಂದ ಜಗತ್ತು ಒಂದು ವಿಷವನ್ನು ಬಿಟ್ಟಿತು. ಊರು ಕೇಳಬೇಕಾದದ್ದೂ ಲೆಕ್ಕವೇ. ಆ 1,031 ಹೆಸರುಗಳ ಲೆಕ್ಕ.